ಕಟ್ಟುನೀರು

ಮೂರು ಮತ್ತು ನಾಲ್ಕು, ಏಳು.
ನಾಲ್ಕು ಮತ್ತು ಮೂರೂ ಏಳೇ.
ಆದರೆ ಎರಡು ಏಳೂ ಒಂದೇ ಅಲ್ಲ,
ನಿಮ್ಮದು ಮೊದಲನೆಯ ಏಳು, ಕೊಂಚ ಸಾಧು,
ಅಂದರು ಡಾಕ್ಟರು,
ಮೈಸೂರಿನ ಮೂರನೇ ಮಹಡಿಯ ತಣ್ಣನೆ ಕೋಣೆಯಲ್ಲಿ.
ಕೀಲಾರದ ಶಾಲೆಯಲ್ಲಿ ಯಾರಾದರೂ ಹೀಗಂದಿದ್ದರೆ
ಬೆತ್ತ ಮುರಿಯುತ್ತಿತ್ತು.

ಪೊರೆ ದಾಟಿಲ್ಲ, ಇನ್ನೂ ಒಳಗೇ ಇದೆ,
ಎಂದು ಚೀಟಿಯ ಬೆನ್ನಿಗೆ ಚಿತ್ರ ಬರೆದರು:
ಮೇಲೆ ಮೂತ್ರಕೋಶ, ಕೊರಳಿಗೆ ಸುತ್ತಿಕೊಂಡ ಗ್ರಂಥಿ,
ಕೆಳಗೆ ಸಣ್ಣ ನಾಳ.
ಬಿಡಿಸಿ ಹೇಳಲು ಹೊರಟರು. ಬೇಡ ಅಂದೆ.
ಮೂವತ್ತೊಂದು ವರ್ಷ
ವಿ.ಸಿ. ನಾಲೆಯ ಮೇಲೆ ಸೌಡಿಯಾಗಿದ್ದವನು ನಾನು.
ಕೆರೆ ಯಾವುದು, ತೂಬು ಯಾವುದು, ಗೊತ್ತು.

ಕತ್ತರಿಸಿ ತೆಗೆಯಬಹುದು.
ಯಂತ್ರದ ಕೈ, ನಡುಗುವುದಿಲ್ಲ.
ಆಮೇಲೆ ಕೆಮ್ಮಿದರೆ, ನಕ್ಕರೆ, ಒಂದಿಷ್ಟು ಜಿನುಗುತ್ತದೆ,
ಬಹುಮಂದಿಗೆ ತಿಂಗಳುಗಳಲ್ಲಿ ನಿಲ್ಲುತ್ತದೆ,
ಎಲ್ಲರಿಗೂ ಅಲ್ಲ.
ಗೇಟಿನ ರಬ್ಬರು ಹೋದ ತೂಬಿಗೆ
ಗೋಣಿ ತುರುಕಿದ್ದೇನೆ, ಒಣಹುಲ್ಲು ತುರುಕಿದ್ದೇನೆ,
ಒಂದು ಸಲ ನನ್ನ ಅಂಗಿಯನ್ನೇ.

ಕಿರಣವಾದರೆ ನಾಲ್ಕು ವಾರ, ದಿನಾ ಬರಬೇಕು.
ನೋವಿಲ್ಲ, ಮಲಗುವುದು, ಏಳುವುದು.
ಆದರೆ ಮೂತ್ರಕೋಶ ತುಂಬಿಸಿಕೊಂಡು ಮಲಗಬೇಕಂತೆ,
ನಾನು!
ಶ್ರೀರಂಗಪಟ್ಟಣದ ಸೇತುವೆ ದಾಟುವಷ್ಟರಲ್ಲಿ
ಬಸ್ಸು ನಿಲ್ಲಿಸಿ ಎಂದು ಕಂಡಕ್ಟರನ ಕಾಲು ಹಿಡಿಯುವವನು.
ಅದರ ಹಾನಿ ಅವಸರದ್ದಲ್ಲ,
ವರ್ಷಗಳಾದ ಮೇಲೆ ಹಿಂಬಾಗಿಲಲ್ಲಿ ರಕ್ತವಾಗಿ ಬರಬಹುದು.

ಬೀಜ ಬಿತ್ತುವುದೂ ಉಂಟಂತೆ, ನುಚ್ಚಕ್ಕಿಯಂಥವು,
ಒಳಗೇ ಕೂತು ಉರಿಯುತ್ತವೆ.
ಅದು ಇಲ್ಲಿಲ್ಲ, ದೂರ.

ಇಲ್ಲವೇ ಸುಮ್ಮನೆ ಕಾಯಬಹುದು,
ಗಡಿಯಾರ ನೋಡುತ್ತಾ, ರಕ್ತ ಕೊಡುತ್ತಾ.
ಕಾಯುವುದೂ ಚಿಕಿತ್ಸೆಯೇ ಎಂದು ಅವರಂದಾಗ
ಮುಖ ನೋಡಿದೆ, ತಮಾಷೆಯೇನೋ ಎಂದು.

ಊರಿಗೆ ಬಂದು ಇಬ್ಬರನ್ನು ಕೇಳಿದೆ.
ತಿಬ್ಬೇಗೌಡ ಅಂದ: ತೆಗ್ಸಿ ಬಿಸಾಕ್ಬುಡು ಅತ್ಲಾಗೆ.
ಈಗ ಅವನು ಎಲ್ಲ ಮದುವೆಯಲ್ಲೂ ಬಾಗಿಲ ಪಕ್ಕವೇ ಕೂರುತ್ತಾನೆ,
ಬಿಳಿ ಪಂಚೆ ಉಡುವುದಿಲ್ಲ.
ಸಕ್ಕರೆ ಕಾರ್ಖಾನೆಯ ಬಾಯ್ಲರ್ ನೋಡಿಕೊಂಡಿದ್ದ ಅನ್ವರ್ ಸಾಬರು
ಕಿರಣವೇ ವಾಸಿ ಎಂದರು,
ಚಹಾ ಮುಗಿಯುವುದರೊಳಗೆ ಮೂರು ಸಲ ಎದ್ದು ಹೋಗಿ ಬಂದರು.
ತಾವು ಆರಿಸಿದ್ದನ್ನೇ ಹೊಗಳುತ್ತಾರೆ ಇಬ್ಬರೂ.
ಹೊಗಳದೆ ಇನ್ನೇನು ಮಾಡಿಯಾರು?

ಇದೊಂದು ಹೇಳದೇ ಬಿಟ್ಟಿದ್ದೆ.
ಅಂದು ಡಾಕ್ಟರು ಕೊನೆಗೆ ತಗ್ಗುದನಿಯಲ್ಲಿ,
ಗಂಡಹೆಂಡಿರ ವಿಷಯಕ್ಕೂ ತೊಂದರೆಯಾಗಬಹುದು,
ಈ ವಯಸ್ಸಿಗೆ ಅದೇನು ಬಿಡಿ, ಎಂದು
ಮುಂದಿನ ಸಾಲಿಗೆ ಪೆನ್ನು ಸರಿಸಿದರು.
ಅಷ್ಟೂ ಹೊತ್ತು ಕ್ಯಾಲೆಂಡರ್ ನೋಡುತ್ತಿದ್ದ ಕೆಂಪಾಜಮ್ಮ
ಅಲ್ಲಿಂದ ಕಣ್ಣು ತೆಗೆಯದೆ ಅಂದಳು:
ಅದ್ನೂ ಬರ್ಕಳಿ ಸಾಮಿ.

ಪೆನ್ನು ನಿಂತಿತು.
ನಾನು ನೆಲದ ಟೈಲ್ಸ್ ಎಣಿಸಿದೆ.
ನಲವತ್ಮೂರು ವರ್ಷ ಜೊತೆಗಿದ್ದು
ಅವಳ ಬಾಯಿಂದ ಈ ಮಾತು ಮೊದಲ ಸಲ ಕೇಳಿದ್ದು,
ಅದೂ ಬೇರೆಯವರ ಮುಂದೆ.
ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ.
ಬೆಲ್ಲದ ವಾಸನೆಗೆ ಅವಳು ಕಿಟಕಿ ಸರಿಸಿದಳು, ಅಷ್ಟೇ.

ಮೂರು ತಿಂಗಳು ಕಾಯುತ್ತೇನೆ ಅಂದಿದ್ದೇನೆ.
ಧೈರ್ಯವೋ ಪುಕ್ಕಲೋ, ವಿಂಗಡಿಸಲಾರೆ.
ಕಟ್ಟುನೀರಿನ ದಿನಗಳಲ್ಲಿ
ಕೊನೇಭಾಗದವರು ಏರಿಯ ಮೇಲೆ ಬ್ಯಾಟರಿ ಹಿಡಿದು
ರಾತ್ರಿಯಿಡೀ ಕೂಗುತ್ತಿದ್ದರು, ಬಂತಾ?
ನಾನು ಕತ್ತಲಲ್ಲಿ ಕೂಗುತ್ತಿದ್ದೆ, ಬರ್ತಾ ಅದೆ,
ಕೆಲವು ಸಲ ಗೇಟು ಎತ್ತಿರುತ್ತಲೇ ಇರಲಿಲ್ಲ.

ಈಗ ಬೆಳಗಿನ ಮೂರು ಗಂಟೆಗೆ
ಗೋಡೆಗೆ ಒಂದು ಕೈ ಕೊಟ್ಟು ನಿಂತಿರುತ್ತೇನೆ.
ಒಳಗಿನಿಂದ, ನಿದ್ದೆಗಣ್ಣಲ್ಲೇ, ಅವಳು:
ಬಂತಾ?

ಬರ್ತಾ ಅದೆ, ಅನ್ನುತ್ತೇನೆ.