ಎರಡೂ ತುದಿ

ನಾಪೋಕ್ಲು ಸಹಕಾರ ಸಂಘದ ಮಹಡಿ. ಕೆಳಗೆ ಗೊಬ್ಬರದ ಗೋದಾಮು,
ಮೆಟ್ಟಿಲು ಹತ್ತುವಾಗಲೇ ಯೂರಿಯಾ ಮೂಗಿಗೆ ಬಡಿಯುತ್ತದೆ.
ಆಯುಧಪೂಜೆ ಮುಗಿದು, ರಜೆ ಮುಗಿದು
ನಿನ್ನೆ ಬಾಗಿಲು ತೆರೆದದ್ದು.
ಮಾನಿಟರುಗಳ ಹಣೆಯಲ್ಲಿ ಕುಂಕುಮ ಒಣಗಿದೆ,
ಪ್ರಿಂಟರಿಗೂ ಒಂದು ಬೊಟ್ಟು.
ಐದು ಕಂಪ್ಯೂಟರು. ಐದಕ್ಕೂ ಹೊರಲೋಕ ಇಲ್ಲ.

'ನಿನ್ನೆಯಿಂದ ಹೀಗೇ' ಅಂದರು ಕಾರ್ಯದರ್ಶಿ ಮಾಚಯ್ಯ,
ನಾನೇ ಕದ್ದು ಬಚ್ಚಿಟ್ಟವನೆಂಬಂತೆ ನೋಡಿ.
ಬೆಂಚಿನ ಮೇಲೆ ಏಳು ಜನ. ಕಕ್ಕಬ್ಬೆಯಿಂದ ಬಂದ ಮೊಯ್ದು
ಟೋಕನ್ನು ಮಡಿಸಿ, ಬಿಚ್ಚಿ, ಮಡಿಸಿ
ದೋಣಿಯನ್ನೇ ಮಾಡಿಬಿಟ್ಟಿದ್ದಾನೆ.

ಮೊದಲು ಎಲ್ಲರೂ ಮಾಡುವುದನ್ನೇ ಮಾಡಿದೆ:
ಆರಿಸಿ ಹಚ್ಚಿದೆ.
ಆಮೇಲೆ ಯಂತ್ರಕ್ಕೆ ತನ್ನನ್ನೇ ಕೂಗಲು ಹೇಳಿದೆ,
ನೂರ ಇಪ್ಪತ್ತೇಳು, ಸೊನ್ನೆ, ಸೊನ್ನೆ, ಒಂದು.
ಕೂಗಿತು. ತಾನೇ ಓಗೊಟ್ಟಿತು.
ಇಷ್ಟಾದರೂ ಇದೆಯಲ್ಲ ಅಂದುಕೊಂಡು
ವಿಳಾಸ ಕೇಳಿದೆ.
ನೂರ ಅರವತ್ತೊಂಬತ್ತು ಅಂತ ಶುರುವಾಯಿತು.
ಗೊತ್ತಾಯಿತು: ಕೊಡಬೇಕಾದವರು ಕೊಡಲಿಲ್ಲ,
ಕಾದು ಕಾದು ಬೇಸತ್ತು
ತನಗೆ ತಾನೇ ಒಂದು ಮನೆನಂಬರು ಬರೆದುಕೊಂಡಿದೆ.
ಆ ಬೀದಿಗೆ ಅಂಚೆಯವನು ಹೋಗುವುದಿಲ್ಲ.

ಕಂಪನಿಗೆ ಫೋನು ಮಾಡಿದೆ. 'ನಮ್ಮ ಕಡೆ ಸರಿಯಿದೆ.'
ಎಲ್ಲ ಕಡೆಯವರೂ ಹೇಳುವುದು ಇದೇ.
ಸಿಲ್ವರ್ ಮರದ ಕೊಂಬೆ ಫೈಬರಿನ ಮೇಲೆ ಬಿದ್ದಿದೆಯಾ ಅಂತ
ಬೇತು ರಸ್ತೆಯವರೆಗೂ ಕಂಬ ಎಣಿಸುತ್ತಾ ನಡೆದೆ.
ಬಿದ್ದಿರಲಿಲ್ಲ. ಒಂದು ಕಂಬಕ್ಕೆ ಮೆಣಸಿನ ಬಳ್ಳಿ ಹತ್ತಿತ್ತು, ಅಷ್ಟೆ.
ವಾಪಸು ಬಂದಾಗ ಹನ್ನೊಂದೂವರೆ.
ಮಾಚಯ್ಯ ಕನ್ನಡಕ ಒರೆಸಿದರು. ಮತ್ತೆ ಒರೆಸಿದರು.

ಕೊನೆಗೆ ಮೇಜಿನಡಿ ತೂರಿದೆ. ಮೊದಲೇ ತೂರಬೇಕಿತ್ತು.
ಸ್ವಿಚ್ಚಿನ ಪೆಟ್ಟಿಗೆ, ಅದರ ಹಸಿರು ದೀಪಗಳು:
ಒಂದೊಂದೂ ತನ್ನ ತನ್ನ ಹೊತ್ತಿಗೆ ಮಿಟುಕುವಂಥವು,
ಸಂತೆಯಲ್ಲಿ ಜನ ಮಾತಾಡಿಕೊಂಡ ಹಾಗೆ.
ಇವತ್ತು ಎಂಟೂ ಒಟ್ಟಿಗೆ, ಒಂದೇ ಸಮನೆ,
ಉಸಿರು ಬಿಡದೆ.
ಆಮೇಲಿನದನ್ನು ಬೆರಳೇ ಹುಡುಕಿತು:
ಹೋದ ವರ್ಷ ರದ್ದಾದ ಕಂಪ್ಯೂಟರಿನ ನೀಲಿ ಕೇಬಲು
ಮೂರನೆಯ ತೂತಿನಿಂದ ಹೊರಟು
ಮೇಜಿನ ಕಾಲು ಸುತ್ತಿ
ಏಳನೆಯ ತೂತಿಗೆ ವಾಪಸು.
'ಯಾರಿದ್ದೀರಿ?' ಅಂತ ಯಾವುದೋ ಯಂತ್ರ ಕೇಳಿದ ಮಾತು
ಈ ತುದಿಯಿಂದ ಹೋಗಿ ಆ ತುದಿಯಿಂದ ಬಂದು
ಎರಡಾಗಿ, ಹೊಸದರ ಜೊತೆ ಸೇರಿ, ಲೆಕ್ಕ ತಪ್ಪಿ
ಪೂಜೆಯ ದಿನದಿಂದ ತಿರುಗುತ್ತಲೇ ಇದೆ.
ಉತ್ತರ ತಂದವರಿಗೆ ನಿಲ್ಲಲೂ ಜಾಗವಿಲ್ಲ.
ಏಳನೆಯ ತೂತಿನ ಬಾಯಲ್ಲಿ
ಚೆಂಡುಹೂವಿನ ಒಂದೆಸಳು.

ಎಳೆದೆ.
ದೀಪಗಳು ಒಂದು ಕ್ಷಣ ತಬ್ಬಿಬ್ಬಾಗಿ, ಆಮೇಲೆ
ತಮ್ಮ ತಮ್ಮ ಪಾಡಿಗೆ ಮಿಟುಕತೊಡಗಿದವು.
ಮೇಲೆ ಪ್ರಿಂಟರು ಕೆಮ್ಮಿತು.
'ಬಂತು, ಬಂತು' ಅಂದರು ಮಾಚಯ್ಯ, ಬಸ್ಸು ಕಂಡವರ ದನಿಯಲ್ಲಿ.

ಹೊರಗೆ ತೆವಳುವಾಗ ಎದುರಿಗೆ ಎರಡು ಪಾದ.
ಅಟೆಂಡರ್ ದೇಜಕ್ಕ. ಕಸಬರಿಕೆ ಕೈಯಲ್ಲೇ ಇದೆ.
'ಗುಡಿಸುವಾಗ ಹೊರಗೆ ಬಿದ್ದಿತ್ತಣ್ಣ.
ಹಬ್ಬದ ದಿನ ಅದೊಂದೇ ಒಂಟಿ ಯಾಕೆ ಅಂತ...'
ಮಾತನ್ನು ಅಲ್ಲಿಗೇ ಬಿಟ್ಟಳು.

ವರದಿಯ ಹಾಳೆಯಲ್ಲಿ 'ಕಾರಣ' ಅಂತ ಒಂದು ಖಾನೆ,
ಒಂದೇ ಸಾಲಿನ ಜಾಗ.
'ಸಂಪರ್ಕ ಹೆಚ್ಚಾಗಿತ್ತು' ಅಂತ ಬರೆದೆ.
ಮಾಚಯ್ಯ ಓದಿ, ನನ್ನನ್ನೊಮ್ಮೆ ನೋಡಿ, ರುಜು ಹಾಕಿದರು.

ಮೊಯ್ದುವಿನ ದೋಣಿ ಕೌಂಟರಿನ ಮೇಲೆ
ನಿಧಾನ ಬಿಚ್ಚಿಕೊಳ್ಳುತ್ತಿತ್ತು. ನಂಬರು ಇಪ್ಪತ್ತಮೂರು.
ದೇಜಕ್ಕ ಕೇಬಲನ್ನು ಮೊಣಕೈಗೆ ಸುತ್ತಿ ಸುತ್ತಿ
ರಬ್ಬರ್ ಬ್ಯಾಂಡು ಹಾಕಿ
ಲೆಡ್ಜರಿನ ಕಪಾಟಿನ ಮೊಳೆಗೆ ನೇತುಹಾಕಿದಳು,
ಯಾರೋ ಮರೆತು ಹೋದ ಕೊಡೆಯ ಪಕ್ಕ.