ಗೆರೆಯಿಲ್ಲದ ಬೆರಳು

ರೇಷನ್ ಅಂಗಡಿಯ ಮಷೀನಿಗೆ
ನನ್ನ ಹೆಬ್ಬೆರಳು ಬೇಡವಂತೆ.
ಒರೆಸಿ ಇಡಿ, ಒತ್ತಿ ಇಡಿ, ಇನ್ನೊಂದು ಇಡಿ ಜುಲೇಖಮ್ಮ—
ಹತ್ತೂ ಇಟ್ಟೆ.
ಹತ್ತಕ್ಕೂ ನಾನಲ್ಲ ಅಂದಿತು.

ಮೂವತ್ತೊಂದು ವರ್ಷ, ಶಿಡ್ಲಘಟ್ಟದ ಇದೇ ಓಣಿಯಲ್ಲಿ
ಕುದಿವ ಬಾನಿಯೊಳಗೆ ಎಳೆ ಹುಡುಕಿದ ಬೆರಳು ಇವು.
ಗೂಡಿನ ದಾರದ ಜೊತೆಗೇ ಬಿಚ್ಚಿಕೊಂಡು
ರಾಟೆಗೆ ಸುತ್ತಿ ಹೋದವು ಗೆರೆಗಳು,
ಯಾರದೋ ಸೀರೆಯ ಸೆರಗಿಗೆ.

ಫರೀನಳ ಬಣ್ಣದ ಡಬ್ಬಿ, ಹನ್ನೆರಡು ಬಿಲ್ಲೆ.
ಕೆಂಪು ಆಗಲೇ ಖಾಲಿ, ಬಿಳಿಯನ್ನು ಮುಟ್ಟಿಲ್ಲ.
ಕುಂಚದ ಕೂದಲು ಉದುರಿತ್ತು. ಹೆಬ್ಬೆರಳನ್ನೇ ಅದ್ದಿ
ಗೂಡಿನ ಲೆಕ್ಕ ಬರೆದ ಹಾಳೆಯ ಹಿಂದೆ ಒತ್ತಿದೆ:
ಒಂದು ಎಸಳು.
ಗೆರೆಯಿಲ್ಲ, ನುಣ್ಣಗೆ,
ಈಗಷ್ಟೇ ಬಿರಿದ ಹಾಗೆ.

ಐದು ಒತ್ತಿದರೆ ಕಣಗಿಲೆ.
ಕುಂಬಳದ ಹೂವಿಗೆ ಮಾತ್ರ ಅಂಗೈಯ ಬುಡವೇ ಬೇಕು.

ಜೀವ ಇರೋದನ್ನ ಬರೀಬಾರದು,
ಹೂವಾದರೆ ಪರವಾಗಿಲ್ಲ, ಅಂದರು ದೊಡ್ಡ ಭಾವ.
ಹ್ಞೂಂ ಅಂದೆ.
ನಡುರಾತ್ರಿ ಎದ್ದು ಕೂತೆ.
ಬಾನಿಯ ತಳದ ಕಂದು ಹುಳ,
ಕೇಜಿ ಲೆಕ್ಕದಲ್ಲಿ ಕೋಳಿಗೆ, ಮೀನಿಗೆ.
ಒಂದಕ್ಕಾದರೂ ರೆಕ್ಕೆ ಬರಲು ಬಿಟ್ಟವಳಲ್ಲ ನಾನು.

ಬೆಳಗಿನ ನಮಾಜಿಗೆ ಕೈ ತೊಳೆದೆ.
ಉಗುರಿನ ಸಂದಿಯ ಹಳದಿ ಮೂರನೇ ಸಲಕ್ಕೆ ಬಿಟ್ಟಿತು.
ಅದರಡಿಯ ಹುಳದ ವಾಸನೆ
ಅಷ್ಟು ವರ್ಷದಲ್ಲಿ ಅವತ್ತೇ ಮೊದಲು
ಮೂಗಿಗೆ ಬಂತು.

ಹಿತ್ತಲ ಗೋಡೆಯಾಚೆ ಒಂಟಿ ಹಿಪ್ಪುನೇರಳೆ.
ತೋಟದಲ್ಲಾದರೆ ಸೊಪ್ಪು ಕೊಯ್ದು ಕೊಯ್ದು
ಹೂ ಬಿಡಲು ಪುರುಸೊತ್ತು ಕೊಡುವುದಿಲ್ಲ.
ಯಾರೂ ಕೊಯ್ಯದ ಇದು ಬಿಟ್ಟಿದೆ:
ಹಸಿರು ತೆನೆ, ಕಿರುಬೆರಳ ಉಗುರಿನಷ್ಟು, ಎಸಳೇ ಇಲ್ಲ.
ಇದೂ ಹೂವಾ, ದಾದಿ?
ಹೂವೇ ಕಣೆ, ಅಂದೆ. ನನಗೂ ಆಗಲೇ ಗೊತ್ತಾಗಿದ್ದು.

ಇದಕ್ಕೆ ಹೆಬ್ಬೆರಳು ದೊಡ್ಡದಾಯಿತು.
ಕಿರುಬೆರಳ ತುದಿಯಿಂದ ಚುಕ್ಕೆ, ಪಕ್ಕ ಇನ್ನೊಂದು ಚುಕ್ಕೆ,
ಒಂದೊಂದಕ್ಕೂ ಬಾಯಲ್ಲಿ ಏನೋ ಹೇಳಿಕೊಳ್ಳುತ್ತ—
ದುವಾನೋ, ಲೆಕ್ಕವೋ.
ಅಸರ್ ಬಾಂಗು ಆಗುವ ಹೊತ್ತಿಗೆ
ಡಬ್ಬಿಯ ಹಸಿರು ಮುಗಿದಿತ್ತು,
ಚುಕ್ಕೆ ಇನ್ನೂ ಸಾಲದು.

ನಿನ್ನೆ ಪಿಳ್ಳಪ್ಪ ಹೊಸ ಮಷೀನು ತಂದಿದ್ದಾನೆ.
ಬೆರಳು ಬಿಡಿ, ಕಣ್ಣು ತೋರಿಸಿ ಅಂದ.
ರೆಪ್ಪೆ ಬಡಿಯದೆ ತೋರಿಸಿದೆ.
ನೀವೇ ಜುಲೇಖಮ್ಮ, ಬಂತು, ಅಂದ.

ಅವನು ಅಕ್ಕಿ ತೂಗುವವರೆಗೂ
ಮೆಟ್ಟಿಲ ಬಿರುಕಿನ ತುಂಬೆ ಗಿಡ ನೋಡುತ್ತ ನಿಂತಿದ್ದೆ.
ಬಿಳಿ ಬಿಲ್ಲೆ ಇನ್ನೂ ಹಾಗೇ ಇದೆ
ಡಬ್ಬಿಯಲ್ಲಿ.