ಮೂಲ ತೂಕ

ಮೂವತ್ತೊಂದು ವರ್ಷ ತಕ್ಕಡಿಗಳ ತಪಾಸಣೆ ಮಾಡಿದವನು ನಾನು.
ಕೋಲ್ಮಾರಿನ ಸಂತೆಯಲ್ಲಿ ಚೀಸು ಮಾರುವವಳ ಮುಳ್ಳು,
ಕಟುಕನ ಹಿತ್ತಾಳೆ ಗುಂಡು, ಔಷಧಿಯಂಗಡಿಯವ
ಚಿಮಟದಲ್ಲಿ ಎತ್ತುವ ಬಿಲ್ಲೆ,
ಎಲ್ಲಕ್ಕೂ ಮುದ್ರೆ ಒತ್ತಿದ ಕೈ ಇದು.
ಈಗ ನಡುಗುತ್ತದೆ. ಕಾಫಿ ಚೆಲ್ಲುತ್ತದೆ. ಇರಲಿ.

ಸಲೋಮೆ ಲೂಥರನ್ ಪಂಗಡದವಳು, ನಾನು ರೋಮಿನ ಕಡೆಯವನು.
ನಮ್ಮೂರಿಗೆ ಒಂದೇ ಇಗರ್ಜಿ, ಪೀಠದ ಮುಂದೊಂದು ಪರದೆ.
ಒಂಬತ್ತಕ್ಕೆ ಪರದೆ ಸರಿಯುತ್ತದೆ: ನಮ್ಮ ಪೂಜೆ, ಧೂಪ.
ಹತ್ತೂವರೆಗೆ ಮುಚ್ಚುತ್ತದೆ: ಅವರ ಹಾಡು, ಉದ್ದ ಉಪದೇಶ.
ನಾನು ಹೊರಬರುವಾಗ ಅವಳು ಒಳಹೋಗುತ್ತಾಳೆ;
ಬಾಗಿಲಲ್ಲಿ ಮನೆಯ ಬೀಗದಕೈ ಕೈ ಬದಲಿಸುತ್ತದೆ.
"ಇನ್ನೂ ಹೊಗೆ ನಾರುತ್ತಿದೆ" ಎಂದು ಮೂಗು ಮುರಿಯುತ್ತಾಳೆ,
ನಲವತ್ತು ವರ್ಷದಿಂದ, ಪ್ರತಿ ಭಾನುವಾರ.

ಹುಳಿಕೋಸಿನ ತಟ್ಟೆ ಮೇಜಿಗೆ ಬಂದರೆ ಜಗಳ ಹತ್ತಿತೆಂದೇ ಲೆಕ್ಕ.
"ಬರೆದದ್ದು ಇದೆ, ಸಾಕು. ನಿನ್ನ ಪೋಪರೂ
ಅದರೆದುರಿನ ತಟ್ಟೆಗೆ ಹತ್ತಿ ಕೂರಬೇಕು."
ನಾನು ಸರ್ಕಾರಿ ಮನುಷ್ಯ:
"ಯಾವ ಪುಸ್ತಕ ಒಳಗೆ, ಯಾವುದು ಹೊರಗೆ,
ಮುದ್ರೆ ಒತ್ತಿದವರು ಯಾರು?
ಮುದ್ರೆಯಿಲ್ಲದ ಗುಂಡು ಸಿಕ್ಕರೆ ಜಪ್ತಿ, ಗೊತ್ತಲ್ಲ?"
"ನೀನು ಒತ್ತಿದ ಮೇಲೆ ಕಬ್ಬಿಣಕ್ಕೆ ಭಾರ ಬಂತೆ?
ಭಾರ ಮೊದಲೇ ಇತ್ತು, ನೀನು ನೋಡಿದೆ, ಅಷ್ಟೆ.
ಅಂಚೆಯವ ಕಾಗದ ತಂದನೆಂದು
ಬರೆದವನೂ ಅವನೇ ಅನ್ನುತ್ತೀಯಾ?"
ಬಾಯಿ ಕಟ್ಟಿತು. ಉತ್ತರ ಹೊಳೆದದ್ದು ಮುಂದಿನ ವಾರ:
ಅಂಚೆಯವನಿಲ್ಲದ ಊರಿಗೆ ಕಾಗದ ಬರುತ್ತದೆಯೆ?
ಅಷ್ಟರಲ್ಲಿ ಅವಳು ಒಲೆಯ ಕೊಳವೆಯ ವಿಷಯಕ್ಕೆ ಸಿಟ್ಟಾಗಿದ್ದಳು.

ಅವಳಿಗೆ ಹೇಳದ ಒಂದು ಗುಟ್ಟಿದೆ, ನನ್ನ ಕಸುಬಿನದು.
ಪ್ಯಾರಿಸ್ಸಿನ ಬಳಿ, ನೆಲಮಾಳಿಗೆಯಲ್ಲಿ, ಗಾಜಿನ ಗುಮ್ಮಟದೊಳಗೆ
ಒಂದು ಗುಂಡು: ಲೋಕದ ಕಿಲೋಗಳಿಗೆಲ್ಲ ತಾಯಿ.
ಮಕ್ಕಳನ್ನು ದೇಶದೇಶಕ್ಕೆ ಕಳಿಸಿದ್ದರು.
ಎಷ್ಟೋ ವರ್ಷದ ಮೇಲೆ ಎದುರುಬದುರು ತೂಗಿದರೆ
ರೆಪ್ಪೆಯ ಒಂದು ಕೂದಲಷ್ಟು ವ್ಯತ್ಯಾಸ.
ತಾಯಿ ಸವೆದಳೋ, ಮಕ್ಕಳು ದೂಳುಂಡು ಬೆಳೆದರೋ,
ಹೇಳುವುದಕ್ಕೆ ಇನ್ನೊಂದು ತಾಯಿಯನ್ನು ಎಲ್ಲಿಂದ ತರುವುದು?
ಅದನ್ನು ಓದಿದ ರಾತ್ರಿ ಜಪಸರ ಹಿಡಿದವನು
ಎಷ್ಟನೆಯ ಮಣಿಯೆಂದು ಮರೆತೆ.

ಅವಳ ಗ್ರಂಥವೋ, ಅಜ್ಜಿಯದು. ತೊಗಲಿನ ರಟ್ಟು,
ಅಂಚಿನ ತುಂಬ ಪೆನ್ಸಿಲ್ ಗೀಟು:
ಉಳಿಯದ ಮಗುವಿನ ತಾರೀಕು, ಆಲಿಕಲ್ಲು ದ್ರಾಕ್ಷಿ ಹೊಡೆದ ವರ್ಷ,
ಒಂದು ಕಡೆ ಬರೀ, "ಇಲ್ಲಿ ನಿಧಾನ".
ಅಲ್ಲಿಗೆ ಬಂದಾಗ ಸಲೋಮೆ ನಿಧಾನಿಸಿಯೇ ಓದುವಳು.
ಕಂಡೂ ಕಾಣದಂತಿದ್ದೆ. ಗೆಲ್ಲುವ ಮಾತನ್ನು
ಒಮ್ಮೊಮ್ಮೆ ಕೋಸಿನ ಜೊತೆ ನುಂಗಬೇಕು.

ಹೋದ ಚಳಿಗಾಲದಿಂದ ಅವಳ ನೋಟದ ನಟ್ಟನಡುವೆ
ಒಂದು ಕಪ್ಪು ಬಿಲ್ಲೆ.
ಅಂಚು ಕಾಣುತ್ತದಂತೆ, ನಡುವಿನ ಅಕ್ಷರ ಕಾಣುವುದಿಲ್ಲವಂತೆ.
ಈಗ ಓದುವವನು ನಾನು. ಅವಳ ಗ್ರಂಥ, ನನ್ನ ಬಾಯಿ.
ಅಜ್ಜಿ ಹೇಳಿದಲ್ಲಿ ನಾನೂ ನಿಧಾನಿಸುತ್ತೇನೆ.
ಮರೆತರೆ ತಿದ್ದುತ್ತಾಳೆ.

ನಿನ್ನೆ ರಾತ್ರಿ ಕೇಳಿದಳು: "ನಿಮ್ಮದರಲ್ಲಿ ಇದೆಯಲ್ಲ,
ನಮ್ಮವರು ಹೊರಗಿಟ್ಟದ್ದು.
ಕುರುಡು ಮುದುಕ, ಊರು ಬಿಟ್ಟು ಹೊರಟ ಮಗ,
ಹಿಂದೆ ಒಂದು ನಾಯಿ."
"ನಿನಗದು ದೇವರ ವಾಕ್ಯವಲ್ಲ," ಅಂದೆ, ಜಪ್ತಿ ಮಾಡುವ ದನಿಯಲ್ಲಿ.
"ಅಲ್ಲ. ಓದು. ನಾಯಿಗಾಗಿ."

ಓದಿದೆ. ನದಿ ಬಂತು, ಮೀನು ಬಂತು, ಮೀನಿನ ಪಿತ್ತ ಬಂತು.
ಮಗ ಮರಳಿ ಬಂದು ತಂದೆಯ ಕಣ್ಣಿಗೆ ಅದನ್ನು ಹಚ್ಚುವ ಜಾಗದಲ್ಲಿ
ನನ್ನ ದನಿ ತಾನಾಗಿ ತಗ್ಗಿತು, ನಿಧಾನವಾಯಿತು.
ಅಲ್ಲಿ ಯಾವ ಅಜ್ಜಿಯ ಗೀಟೂ ಇರಲಿಲ್ಲ.
ಅವಳು ಮೇಜು ತಡಕಾಡಿ, ಪೆನ್ಸಿಲ್ ಹುಡುಕಿ,
ನನ್ನ ಪುಸ್ತಕ ಎಳೆದುಕೊಂಡು, ನನ್ನ ಬೆರಳಿದ್ದಲ್ಲಿ
ಅಂದಾಜಿಗೆ ಒಂದು ಗೀಟು ಎಳೆದಳು.
ಓರೆ. ಅಕ್ಷರದ ಮೇಲೂ ಹರಿದಿದೆ.

"ನಾಯಿ?"
"ಅವರ ಜೊತೆಗೇ ಮನೆಗೆ ಬಂತು."
"ಆಮೇಲೆ?"
"ಆಮೇಲಿನದು ಬರೆದಿಲ್ಲ."
"ನಿಮ್ಮ ಪಾದ್ರಿಗೆ ಗೊತ್ತಿದ್ದೀತು, ಕೇಳು," ಅಂದಳು,
ದೀಪದ ಕಡೆಗಲ್ಲ, ದೀಪದ ಪಕ್ಕಕ್ಕೆ ನೋಡುತ್ತ.
"ಭಾನುವಾರ ಬಾಗಿಲಲ್ಲಿ ಹೇಳು,
ಬೀಗದಕೈ ಕೊಡುವಾಗ."